ಮೂರನೆಯ ಚಿಪ್ ‘ಆಯ್ತು’ ಎಂದಾಗ

ಪುತ್ತೂರಿನ ನಮ್ಮ ಆಫೀಸಿಗೆ ಆ ಮರದ ಪೆಟ್ಟಿಗೆ ಬಂದಾಗ ನಾನು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಎರಡು ದಿನ ತೆರೆಯದೆ ಇಟ್ಟದ್ದು. ತೆರೆದರೆ ಕೆಲಸ ಶುರು, ಕೆಲಸ ಶುರುವಾದರೆ ತಪ್ಪು ಶುರು. ನಲವತ್ತನಾಲ್ಕು ವರ್ಷದ ಬಾಳಿನಲ್ಲಿ ನಾನು ಖಚಿತವಾಗಿ ಕಲಿತಿದ್ದು ಅಷ್ಟೆ. ಮೂರನೆಯ ದಿನ ಮ್ಯಾನೇಜರರು ಪೆಟ್ಟಿಗೆಗೆ ತಮ್ಮ ಕೊಡೆ ಒರಗಿಸಿ, “ಇದರೊಳಗೆ ಎಂತ, ಹಾವು ಉಂಟಾ ಮಾರಾಯ್ರೆ?” ಎಂದು ಕೇಳಿದ ಮೇಲೆ ಸುತ್ತಿಗೆ ಹುಡುಕಿದೆ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಬೆಳೆಗಾರರಿಗೆ ಗೊಬ್ಬರ, ಸುಣ್ಣ, ಮೈಲುತುತ್ತು ಒದಗಿಸುವ ಸಂಘ ನಮ್ಮದು. ಪುತ್ತೂರಿನಲ್ಲಿ ಮುಖ್ಯ ಕಚೇರಿ, ಸುಳ್ಯ ಮತ್ತು ಕಡಬದಲ್ಲಿ ಡಿಪೋ. ಕಚೇರಿಯಲ್ಲಿ ಕಪಾಟಿನಷ್ಟು ದೊಡ್ಡದೊಂದು ಯುನಿಕ್ಸ್ ಯಂತ್ರವಿತ್ತು. ಡಿಪೋಗಳಲ್ಲಿ ಅದರ ತಮ್ಮಂದಿರಂಥ ಎರಡು ಸಣ್ಣ ಯಂತ್ರಗಳಿದ್ದವು. ನಡುವೆ ಬಾಡಿಗೆಯ ಟೆಲಿಫೋನ್ ತಂತಿ. ಯಾವ ಸರಕು ಎಷ್ಟು ಚೀಲ ಬೇಕೆಂದು ಡಿಪೋದವರು ದಿನಾ ಮಧ್ಯಾಹ್ನ ಎರಡರೊಳಗೆ ಕಳಿಸಬೇಕು. ನಮ್ಮ ಪ್ರಿಂಟರ್ ಅದನ್ನು ಹೊಡೆಯುತ್ತದೆ, ಆ ಕಾಗದ ನೋಡಿ ಲಾರಿಗೆ ಚೀಲ ಹೇರುತ್ತಾರೆ.

ಏಪ್ರಿಲಿನ ಸಿಡಿಲಿಗೆ ಸುಳ್ಯದ ಯಂತ್ರದಲ್ಲಿ ತಂತಿ ಸೇರುವ ಕಾರ್ಡ್ ಸುಟ್ಟುಹೋಗಿತ್ತು. ಹಳೆಯ ಕಾರ್ಡನ್ನು ಈಗ ಮಾಡುವುದಿಲ್ಲವೆಂದು ಯಂತ್ರದ ಕಂಪೆನಿಯವರು ಹೊಸ ಮಾದರಿಯದನ್ನು ಆ ಪೆಟ್ಟಿಗೆಯಲ್ಲಿ ಕಳಿಸಿದ್ದರು. ಅದರ ಮೇಲಿದ್ದ ಚಿಪ್ ಬೇರೆ. ಚಿಪ್ ಬೇರೆಯಾದರೆ ಡ್ರೈವರ್ ಬೇರೆ ಬೇಕು. ಕರ್ನಲ್ ಎಂದರೆ ಯಂತ್ರದ ಎಲ್ಲ ಕೆಲಸವನ್ನೂ ನೋಡಿಕೊಳ್ಳುವ ಒಳಗಿನ ಯಜಮಾನ ಪ್ರೋಗ್ರಾಂ. ಆ ಯಜಮಾನನಿಗೆ ಚಿಪ್ಪಿನ ಭಾಷೆ ಬರುವುದಿಲ್ಲ. ನಡುವೆ ನಿಂತು ಹೇಳಿದ್ದನ್ನು ಆಚೆ, ಕೇಳಿದ್ದನ್ನು ಈಚೆ ಮಾಡುವ ದುಭಾಷಿಯೇ ಡ್ರೈವರ್. ಅದನ್ನು ಬರೆಯುವವನು ನಾನು. ನಮ್ಮ ಲಾರಿ ಚಾಲಕ ಇದನ್ನು ಕೇಳಿದಾಗಿನಿಂದ ನನ್ನನ್ನು ಕಂಡಾಗೆಲ್ಲ, “ಡ್ರೈವರ್ ಬಗ್ಗೆ ಬರೀತೀರಂತೆ ಸರ್, ಸ್ವಲ್ಪ ಒಳ್ಳೆದು ಬರೀರಿ ಆಯ್ತಾ” ಎನ್ನುತ್ತಿದ್ದ.

ಇದು ಮೂರನೆಯ ಚಿಪ್. ಎರಡನೆಯದು ಹಿಂದಿನ ವರ್ಷ ಕಡಬಕ್ಕೆ ಹೋಗಿತ್ತು. ಆಗ ನಾನು ಮಾಡಿದ್ದು ಬುದ್ಧಿವಂತರು ಆತುರದಲ್ಲಿಯೂ, ನನ್ನಂಥವರು ಹೆದರಿಕೆಯಲ್ಲಿಯೂ ಮಾಡುವ ಕೆಲಸ: ಹಳೆಯ ಡ್ರೈವರಿನ ಇಡೀ ಫೈಲನ್ನು ನಕಲು ಮಾಡಿ, ಬೇರೆ ಹೆಸರಿಟ್ಟು, ಅಲ್ಲಲ್ಲಿ ತಿದ್ದಿದ್ದು. ಮೂರು ದಿನದಲ್ಲಿ ಮುಗಿದಿತ್ತು. ಮ್ಯಾನೇಜರರು ಚಹಾ ತರಿಸಿದ್ದರು. ಆಮೇಲೆ ಹಳೆಯ ಫೈಲಿನಲ್ಲಿ ಒಂದು ದೋಷ ಸಿಕ್ಕಿ ಅದನ್ನು ಸರಿಪಡಿಸಿದೆ. ಅದೇ ದೋಷ ನಕಲಿನಲ್ಲಿಯೂ ಇರುತ್ತದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಗ್ಯಾಸ್ ಆಫ್ ಮಾಡಿದೆನೇ ಎಂದು ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಓಡುವ ಮನುಷ್ಯ ನಾನು. ಚಿಂತೆ ಮಾಡಬೇಕಾದ ಒಂದೇ ಜಾಗದಲ್ಲಿ ನಿಶ್ಚಿಂತನಾಗಿದ್ದೆ. ಆರು ತಿಂಗಳ ನಂತರ ಕಡಬಕ್ಕೆ ಹೋದಾಗ ಅಲ್ಲಿಯ ಗುಮಾಸ್ತರು ಯಂತ್ರವನ್ನು ಆಫ್ ಮಾಡಿ ಆನ್ ಮಾಡುತ್ತಿದ್ದರು. ಯಾಕೆಂದು ಕೇಳಿದೆ. “ಅದು ಹಾಗೇ ಅಲ್ವಾ ಸರ್, ದಿನಕ್ಕೊಮ್ಮೆ ನಿದ್ದೆ ಹೋಗ್ತದೆ” ಎಂದರು. ಆರು ತಿಂಗಳು ಅವರು ಅದನ್ನು ದಿನಾ ಎಬ್ಬಿಸಿದ್ದರು, ನನಗೊಂದು ಮಾತು ಹೇಳದೆ.

ಹಾಗಾಗಿ ಈ ಸಲ ನಕಲು ಬೇಡ ಎಂದು ತೀರ್ಮಾನಿಸಿದೆ. ಎರಡೂ ಫೈಲುಗಳನ್ನು ಉದ್ದದ ಕಾಗದದಲ್ಲಿ ಹೊಡೆದು ನೆಲದ ಮೇಲೆ ಅಕ್ಕಪಕ್ಕ ಹಾಸಿ, ವ್ಯತ್ಯಾಸವಿರುವ ಸಾಲುಗಳಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಮಂಡಿಯೂರಿ ಹೋದೆ. ಒಂದೊಂದು ಪುಟದಲ್ಲಿ ಐದಾರು ಸಾಲು ಮಾತ್ರ ಕೆಂಪು. ಅಕ್ಷರಗಳನ್ನು ಸಾಲಿನಲ್ಲಿ ನಿಲ್ಲಿಸುವುದು, ತುಂಬಿದಾಗ ತಡೆಯುವುದು, ತಂತಿ ಹಿಡಿಯುವುದು, ಬಿಡುವುದು ಎಲ್ಲವೂ ಎರಡರಲ್ಲಿಯೂ ಒಂದೇ. ಆ ಭಾಗವನ್ನು ಒಂದು ಸಾಮಾನ್ಯ ಫೈಲಿಗೆ ತೆಗೆದೆ. ಪ್ರತಿ ಚಿಪ್ಪಿಗೆ ಒಂದೊಂದು ಪುಟ್ಟ ಫೈಲು ಉಳಿಯಿತು. ಸಾಮಾನ್ಯ ಫೈಲು ಚಿಪ್ಪಿನ ಫೈಲಿಗೆ ಕೆಲವೇ ಪ್ರಶ್ನೆ ಕೇಳುತ್ತದೆ: ಅಕ್ಷರ ಬಂತಾ? ಈ ಅಕ್ಷರ ತಗೋ. ಆಯ್ತಾ? ಈ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡವಾಗಿಯೇ ಇಟ್ಟೆ. ಭಾಷಾಭಿಮಾನ ಎಂದುಕೊಳ್ಳಬೇಡಿ, ಕಂಪೆನಿಯವರು ಓದಿದರೆ ನನ್ನ ದಡ್ಡತನ ಪೂರ್ತಿ ತಿಳಿಯದಿರಲಿ ಎಂಬ ಮುಂಜಾಗ್ರತೆ.

ಒಂಬತ್ತು ದಿನ ಹಿಡಿಯಿತು. “ಕಡಬದ್ದು ಮೂರು ದಿನದಲ್ಲಿ ಆಗಿತ್ತಲ್ಲ?” ಎಂದರು ಮ್ಯಾನೇಜರರು. ಈ ಸಲ ಚಹಾ ಬರಲಿಲ್ಲ. ಹೊಸ ಕರ್ನಲನ್ನು ಮೂರು ಫ್ಲಾಪಿಗಳಿಗೆ ತುಂಬಿ, ಒಂದನ್ನು ಬ್ಯಾಗಿನಲ್ಲಿ, ಒಂದನ್ನು ಅಂಗಿಯ ಕಿಸೆಯಲ್ಲಿ, ಒಂದನ್ನು ಬುತ್ತಿಯ ಡಬ್ಬಿಯಲ್ಲಿ ಇಟ್ಟುಕೊಂಡು ಸುಳ್ಯದ ಬಸ್ಸು ಹತ್ತಿದೆ. ಜಾಲ್ಸೂರು ದಾಟುವಾಗ ಕಿಸೆಯದು ಬಗ್ಗಿತು. ಬುತ್ತಿಯದರಲ್ಲಿ ಉಪ್ಪಿನಕಾಯಿ. ಬ್ಯಾಗಿನದು ಚೆನ್ನಾಗಿತ್ತು.

ಸುಳ್ಯದ ಡಿಪೋದಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವರು ಐವರ್ನಾಡಿನ ಕಡೆಯ ಒಬ್ಬ ಯುವತಿ. ಕೆಲಸಕ್ಕೆ ಸೇರಿ ಹತ್ತು ತಿಂಗಳಾಗಿತ್ತು, ಇನ್ನೂ ಖಾಯಂ ಆಗಿರಲಿಲ್ಲ. ಮನೆಯಲ್ಲಿ ಅರೆಭಾಷೆ, ಕೌಂಟರಿನಲ್ಲಿ ತುಳು, ಬಂದವರು ಮಲಯಾಳಿಗಳಾದರೆ ಮಲಯಾಳ. ನನ್ನೊಂದಿಗೆ ಮಾತ್ರ ಕನ್ನಡ. ಡಿಪೋಗಳ ಜೊತೆ ಫೋನಿನಲ್ಲಿ ಕನ್ನಡವನ್ನೇ ಆಡಬೇಕೆಂದು ಮ್ಯಾನೇಜರರ ಲಿಖಿತ ಆದೇಶವಿತ್ತು. ನಾಲ್ಕು ಭಾಷೆ ಕಲಸಿ ಮಾತಾಡಿ ಗೊಬ್ಬರದ ಬದಲು ಸುಣ್ಣ ಹೋದ ಚರಿತ್ರೆ ಅದರ ಹಿಂದೆ ಇತ್ತು. ನನ್ನ ಮನೆಮಾತು ತುಳು. ಆದರೆ ಆದೇಶ ಎಂದರೆ ನನಗೆ ಆದೇಶ.

ಹೊಸ ಕಾರ್ಡ್ ಕೂತಿತು, ಹೊಸ ಕರ್ನಲ್ ಎದ್ದಿತು. ಮೊದಲ ವಾರ ಎಲ್ಲ ಸರಿ ಇತ್ತು. ಎರಡನೆಯ ವಾರ ಆಕೆ ಮೈಲುತುತ್ತಿಗೆ ಬೇಡಿಕೆ ಕಳಿಸಿದರು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬಿಡಬೇಕು, ಇಲ್ಲವಾದರೆ ಕೊಳೆರೋಗ. ಆ ಹದಿನೈದು ದಿನ ಮೈಲುತುತ್ತಿಗೆ ಇರುವ ಬೆಲೆ ಬೇರೆ ಯಾವುದಕ್ಕೂ ಇಲ್ಲ. ಮರುದಿನ ಲಾರಿ ಹೋಗುವಾಗ ಮರ್ಕಂಜದಿಂದ ಬಂದ ಬೆಳೆಗಾರರು ಡಿಪೋದ ಎದುರು ಕಾಯುತ್ತಿದ್ದರಂತೆ. ಲಾರಿಯಿಂದ ಇಳಿದದ್ದು ಹನ್ನೆರಡು ಚೀಲ.

“ಹನ್ನೆರಡು ಚೀಲದಲ್ಲಿ ಎಂತ ಮಾಡುದು ಮಾರಾಯ್ತಿ, ತೀರ್ಥದ ಹಾಗೆ ಪ್ರೋಕ್ಷಣೆ ಮಾಡುದಾ?” ಎಂದು ಒಬ್ಬರು ಕೇಳಿದರಂತೆ.

ಆಕೆ ಕೇಳಿದ್ದು ನೂರಿಪ್ಪತ್ತು. ಪುತ್ತೂರಿನ ಕಾಗದದಲ್ಲಿ ಇದ್ದದ್ದು ಹನ್ನೆರಡು.

ಮ್ಯಾನೇಜರರು ನನ್ನನ್ನು ಕರೆದರು. “ಯಂತ್ರದ್ದಾ, ಹುಡುಗಿದ್ದಾ?”

ನಾನು ಎರಡು ದಿನ ಸುಳ್ಯದಲ್ಲಿ ಕೂತು ಪರೀಕ್ಷಿಸಿದೆ. ಡ್ರೈವರ್ ತಾನು ಮಾಡುವ ಪ್ರತಿಯೊಂದು ಕೆಲಸವನ್ನೂ ಸ್ಕ್ರೀನಿನ ಮೇಲೆ ಬರೆಯುವಂತೆ ಮಾಡಿ, ನೂರಿಪ್ಪತ್ತನ್ನು ನೂರಾರು ಸಲ ಪುತ್ತೂರಿಗೆ ಕಳಿಸಿದೆ. ಒಂದು ಸಲವೂ ತಪ್ಪಲಿಲ್ಲ. ಆಕೆ ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದರು, ಒಂದೊಂದು ಸರಿಯಾದಾಗಲೂ ಅವರ ಮುಖ ಸಣ್ಣದಾಗುತ್ತಿತ್ತು. ನಾನು ವಾಪಸು ಬಂದು ‘ಯಂತ್ರದಲ್ಲಿ ದೋಷ ಕಂಡುಬರಲಿಲ್ಲ’ ಎಂದು ಬರೆದು ಸಹಿ ಮಾಡಿದೆ. ನನ್ನ ಬದುಕಿನಲ್ಲಿ ಮೂರು ಸಲ ಓದಿ ನೋಡದೆ ಸಹಿ ಮಾಡಿದ ಕಾಗದಗಳು ಕಡಿಮೆ. ಅವುಗಳಲ್ಲಿ ಇದೂ ಒಂದು. ಆಕೆಗೆ ಮೆಮೋ ಹೋಯಿತು. ಇನ್ನೊಮ್ಮೆ ಹೀಗಾದರೆ ಖಾಯಂ ಮಾಡುವುದು ಬಿಡಿ, ತಿಂಗಳ ಕೊನೆಗೆ ಕೆಲಸವೇ ಇಲ್ಲ ಎಂದು ಅದರಲ್ಲಿತ್ತು.

ನಾಲ್ಕೇ ದಿನದಲ್ಲಿ ಇನ್ನೊಮ್ಮೆ ಆಯಿತು. ಆಕೆ ಫೋನ್ ಮಾಡಿದಾಗ ಸ್ವರದಲ್ಲಿ ಅಳುವಿರಲಿಲ್ಲ, ಸಿಟ್ಟಿತ್ತು.

“ಸರ್, ನಾನು ಕೊಟ್ಟದ್ದು ನೂರೈವತ್ತು. ನನ್ನ ಸ್ಕ್ರೀನಿನಲ್ಲಿ ಈಗಲೂ ನೂರೈವತ್ತು ಉಂಟು. ನಿಮ್ಮಲ್ಲಿ ಎಷ್ಟುಂಟು?”

ನಮ್ಮಲ್ಲಿ ಹದಿನೈದಿತ್ತು.

“ನಾನೊಂದು ಬರೆದಿಟ್ಟಿದ್ದೇನೆ ಸರ್. ಬೆಳಿಗ್ಗೆ ನಮ್ಮ ಡಿಪೋದ ಪ್ರಿಂಟರ್ ಓಡುವಾಗ ಕಳಿಸಿದ್ದು ಒಂದೂ ತಪ್ಪಿಲ್ಲ. ಊಟದ ಹೊತ್ತಿಗೆ ಎಲ್ಲ ನಿಲ್ಲಿಸಿ ಕಳಿಸ್ತೇನಲ್ಲ, ಅದೇ ತಪ್ಪುದು. ಯಂತ್ರಕ್ಕೆ ಬೇರೆ ಕೆಲಸ ಇಲ್ಲದಾಗ ಮಾತ್ರ.”

ಅದೇ ಆಕೆ ನನಗೆ ಮಾಡಿದ ಮೊದಲ ಉಪಕಾರ. ಎರಡು ದಿನ ಪರೀಕ್ಷಿಸುವಾಗ ನಾನು ಡ್ರೈವರಿನ ತಲೆಯ ಮೇಲೆ ಬರೆಯುವ ಕೆಲಸವನ್ನೂ ಹೊರಿಸಿದ್ದೆ. ಅದು ಬರೆಯುತ್ತ ನಿಧಾನವಾಗಿತ್ತು. ನಿಧಾನವಾದಾಗ ತಪ್ಪು ಬರುವುದಿಲ್ಲ ಎಂದರೆ, ತಪ್ಪು ಇರುವುದು ಎಲ್ಲೋ ಆತುರದಲ್ಲಿ.

ಮರುದಿನ ಮಧ್ಯಾಹ್ನ ಬರೆಯುವ ಹೊರೆ ತೆಗೆದು ಪುನಃ ಪರೀಕ್ಷೆ. ನಾನು ಪುತ್ತೂರಿನಲ್ಲಿ, ಆಕೆ ಸುಳ್ಯದಲ್ಲಿ. ಮಾತಿಗೂ ಮಾಹಿತಿಗೂ ಇದ್ದದ್ದು ಒಂದೇ ತಂತಿ. ಎರಡೂ ತುದಿಯ ಮೋಡೆಮ್ಮಿನಲ್ಲಿ ಒಂದು ಸ್ವಿಚ್ಚು: ಮಾತಾಡಿ ಮುಗಿದ ಮೇಲೆ ಇಬ್ಬರೂ ಅದನ್ನು ಆಚೆ ತಳ್ಳಬೇಕು. ಮಾಹಿತಿ ಹೋಗುವಾಗಲೂ ಒಮ್ಮೆಗೆ ಒಂದು ತುದಿಯದ್ದೇ ಸರದಿ. ಹೊಳೆ ದಾಟಲು ಹಾಸಿದ ಅಡಿಕೆ ಮರದ ಸಂಕ ಇದ್ದ ಹಾಗೆ, ಒಬ್ಬರು ದಾಟಿ ಮುಗಿಸಿದ ಮೇಲೆ ಇನ್ನೊಬ್ಬರು.

“ಪ್ರಿಂಟರ್ ಆಫ್ ಮಾಡಿ, ಕಾರ್ಡಿನ ವಯರ್ ಒಮ್ಮೆ ಗಟ್ಟಿ ಒತ್ತಿ ನೋಡಿ, ಆಮೇಲೆ ಸ್ವಿಚ್ ತಳ್ಳಿ. ಆಯ್ತಾ?” ಎಂದೆ.

“ಆಯ್ತು ಸರ್, ಆದ್ರೆ—”

ನಾನು ಸ್ವಿಚ್ ತಳ್ಳಿಯಾಗಿತ್ತು. ಏನೂ ಬರಲಿಲ್ಲ. ಹತ್ತು ನಿಮಿಷ ಕಾದು ಸ್ವಿಚ್ಚನ್ನು ಈಚೆ ತಂದೆ. ಫೋನ್ ಎತ್ತಿದ ಕೂಡಲೇ ನಾನೇ ಶುರು ಮಾಡಿದೆ: “ಆಯ್ತು ಅಂತ ಹೇಳಿದ್ರಲ್ಲ, ಮತ್ತೆ ಯಾಕೆ ಕಳಿಸ್ಲಿಲ್ಲ?”

“ಸರ್, ನೀವು ಯಾವಾಗಲೂ ನನ್ನ ಕಡೇ ಮಾತು ಕೇಳುದೇ ಇಲ್ಲ,” ಎಂದರು ಆಕೆ. “ಆಯ್ತು, ಆದ್ರೆ ವಯರಿನ ಸ್ಕ್ರೂ ಸಡಿಲ ಉಂಟು, ಸ್ವಲ್ಪ ನಿಲ್ಲಿ ಅಂತ ಹೇಳ್ಲಿಕ್ಕೆ ಹೊರಟದ್ದು. ಅಷ್ಟರಲ್ಲಿ ನೀವು ಹೋಗಿ ಆಯ್ತು.”

“ಆಯ್ತು ಅಂದ್ರೆ ಮಾಡಿ ಮುಗೀತು ಅಂತ ಅಲ್ವಾ?”

“ನೀವು ಹೇಳಿದ್ದು ಗೊತ್ತಾಯ್ತು, ಮಾಡ್ತೇನೆ ಅಂತ ಸರ್. ಮಾಡಿ ಆಗಿದೆ ಅಂತ ಅಲ್ಲ. ಇದಕ್ಕೇ ನಾನು ತುಳುವಿನಲ್ಲಿ ಮಾತಾಡುವ ಅಂತ ಹೇಳುದು. ತುಳುವಿನಲ್ಲಿ ಆದ್ರೆ ನಾನು ‘ಆವು’ ಅಂತ ಹೇಳ್ತಿದ್ದೆ, ನೀವು ಕಾಯ್ತಿದ್ರಿ. ಎಲ್ಲ ಮುಗಿದ ಮೇಲೆ ‘ಆಂಡ್’ ಅಂತ ಹೇಳ್ತಿದ್ದೆ. ನಿಮ್ಮ ಆಫೀಸಿನ ಕನ್ನಡದಲ್ಲಿ ಎರಡಕ್ಕೂ ಆಯ್ತೇ.”

ರಿಸೀವರ್ ಹಿಡಿದುಕೊಂಡೇ ಎರಡನ್ನೂ ಬಾಯಲ್ಲಿ ಹೇಳಿ ನೋಡಿದೆ. ಆವು ಎಂದರೆ ಆಗಲಿ, ಒಪ್ಪಿದೆ. ಆಂಡ್ ಎಂದರೆ ಆಗಿಹೋಯಿತು. ತೊಟ್ಟಿಲಿನಿಂದ ಬಲ್ಲ ಎರಡು ಪದ. ಮೇಜಿನ ಮೇಲೆ ಹೊಸ ಚಿಪ್ಪಿನ ಪುಸ್ತಿಕೆ ತೆರೆದೇ ಇತ್ತು.

ಹಳೆಯ ಎರಡು ಚಿಪ್ಪುಗಳೂ ಒಂದಕ್ಷರ ಕೊಟ್ಟರೆ ಅದು ಪೂರ್ತಿ ತಂತಿಗೆ ಇಳಿದ ಮೇಲೆಯೇ ನನ್ನ ‘ಆಯ್ತಾ’ ಪ್ರಶ್ನೆಗೆ ಹೌದು ಎನ್ನುತ್ತಿದ್ದವು. ಹೊಸದಕ್ಕೆ ಒಂದು ಜಗಲಿ ಇತ್ತು. ಬಂದ ಅಕ್ಷರವನ್ನು ಜಗಲಿಯಲ್ಲಿ ಕೂರಿಸಿಕೊಂಡು, ಒಳಗೆ ಕರೆದ ಕೂಡಲೇ ಜಗಲಿ ಖಾಲಿಯೆಂದು ಅದು ‘ಆಯ್ತು’ ಎನ್ನುತ್ತಿತ್ತು. ಅಕ್ಷರವಾದರೋ ಇನ್ನೂ ಒಳಗೇ ಇದ್ದು, ಹಿತ್ತಿಲ ಬಾಗಿಲಿನಿಂದ ತಂತಿಗೆ ಆಗಷ್ಟೇ ಇಳಿಯುತ್ತಿತ್ತು. ನನ್ನ ಸಾಮಾನ್ಯ ಫೈಲು ಅದನ್ನು ನಂಬಿ, ಕಡೆಯ ಅಕ್ಷರಕ್ಕೆ ‘ಆಯ್ತು’ ಕೇಳಿಸಿದ ಗಳಿಗೆಯಲ್ಲಿಯೇ ತಂತಿ ಬಿಡುತ್ತಿತ್ತು. ಕಡೆಯವನು ನಡುವಿನಲ್ಲಿರುವಾಗಲೇ ಸಂಕ ಎತ್ತಿದಂತೆ. ಯಂತ್ರ ಬೇರೆ ಕೆಲಸದಲ್ಲಿದ್ದರೆ ಸಂಕ ಎತ್ತಲು ತಡವಾಗುತ್ತಿತ್ತು, ಅಷ್ಟರಲ್ಲಿ ಅಕ್ಷರ ದಾಟುತ್ತಿತ್ತು. ಬಿಡುವಾಗಿದ್ದರೆ ಸೊನ್ನೆ ಹೊಳೆಗೆ. ನೂರಿಪ್ಪತ್ತು ಹನ್ನೆರಡಾಗುತ್ತಿತ್ತು. ತಂತಿ ಬಿಟ್ಟದ್ದನ್ನೇ ಮುಗಿದ ಗುರುತೆಂದು ಇಟ್ಟು, ಕೊನೆಗೊಂದು ಮುಕ್ತಾಯದ ಅಕ್ಷರ ಸೇರಿಸದೆ ಉಳಿತಾಯ ಮಾಡಿದವನೂ ನಾನೇ.

ಪುಸ್ತಿಕೆಯಲ್ಲಿ ಇದೆಲ್ಲ ಇತ್ತು. ಜಗಲಿ ಖಾಲಿ ಎನ್ನುವುದಕ್ಕೆ ಒಂದು ಗುರುತಿನ ಬಿಟ್, ಮನೆಯೇ ಖಾಲಿ ಎನ್ನುವುದಕ್ಕೆ ಇನ್ನೊಂದು. ಎರಡನೆಯದರ ಕೆಳಗೆ ಪೆನ್ಸಿಲಿನ ಗೆರೆಯೂ ಇತ್ತು, ನನ್ನದೇ. ಎಲ್ಲ ಸಾಲಿಗೂ ಗೆರೆ ಎಳೆಯುವವನಿಗೆ ಗೆರೆಯಿಂದ ಪ್ರಯೋಜನವಿಲ್ಲ.

ಮ್ಯಾನೇಜರರಿಗೆ ತಪ್ಪು ನನ್ನದೆಂದು ಹೇಳಿದೆ. ಹೇಳುವ ಮೊದಲು ಅವರ ಕೋಣೆಯ ಎದುರು ಮೂರು ಸಲ ಸುಳಿದಾಡಿದ್ದನ್ನು ಅವರು ನೋಡಿದ್ದರು.

“ಹಾಗಾದ್ರೆ ಎಲ್ಲವನ್ನೂ ಒಟ್ಟಿಗೆ ಸೇರಿಸಿದ್ದೇ ತಪ್ಪು,” ಎಂದರು ಅವರು. “ಮೊದಲಿನ ಹಾಗೆ ಸುಳ್ಯಕ್ಕೆ ಬೇರೆ ನಕಲು ಮಾಡಿ, ಅದರಲ್ಲಿ ಸರಿ ಮಾಡಿ ಬಿಡಿ. ಒಂದು ದಿನದ ಕೆಲಸ.”

ಅವರು ಹೇಳಿದ್ದರಲ್ಲಿ ನಿಜವಿತ್ತು. ನಕಲು ಮಾಡಿದ್ದರೆ ಹೊಸ ಚಿಪ್ಪಿನ ಸಾಲು ಸಾಲನ್ನೂ ನೋಡಿ ಬರೆಯುತ್ತಿದ್ದೆ, ಬಹುಶಃ ಇದು ಕಣ್ಣಿಗೆ ಬೀಳುತ್ತಿತ್ತು. ಒಂದಾಗಿಸುವಾಗ ಕೆಲಸವನ್ನು ಮಾತ್ರವಲ್ಲ, ಪದದ ಅರ್ಥವನ್ನೂ ಮೂವರಿಗೂ ಒಂದೇ ಎಂದುಕೊಂಡಿದ್ದೆ. ತಿಂಗಳ ಕೊನೆಗೆ ಎಂಟು ದಿನ ಉಳಿದಿತ್ತು. ಅಷ್ಟರೊಳಗೆ ಸುಳ್ಯದ ತಂತಿ ಸರಿಯಾಗದಿದ್ದರೆ ಹೋಗುವುದು ನನ್ನ ಕೆಲಸವಲ್ಲ. ಆ ಸಂಜೆ ನಕಲಿನ ಫೈಲನ್ನು ತೆರೆದೂ ಬಿಟ್ಟೆ. ಆಗ ಯಂತ್ರವನ್ನು ದಿನಾ ಎಬ್ಬಿಸುತ್ತಿದ್ದ ಕಡಬದ ಗುಮಾಸ್ತರ ನೆನಪಾಯಿತು. ನಕಲು ಮಾಡಿದರೆ ಈಗ ಸುಳ್ಯ ಸರಿಯಾಗುತ್ತದೆ. ಇಂಥದ್ದೇ ಕಾರ್ಡ್ ಮುಂದೆ ಕಡಬಕ್ಕೆ ಹೋದಾಗ ಅಲ್ಲಿ ಇನ್ಯಾರಿಗೋ ಮೆಮೋ ಬರುತ್ತದೆ. ತಪ್ಪಿದ್ದು ಒಂದಾಗಿಸಿದ್ದರಲ್ಲಲ್ಲ, ಒಂದೇ ಪ್ರಶ್ನೆ ಕೇಳಿದ್ದರಲ್ಲಿ.

ನಕಲನ್ನು ಅಳಿಸಿದೆ. ಸಾಮಾನ್ಯ ಫೈಲಿನಲ್ಲಿದ್ದ ‘ಆಯ್ತಾ’ವನ್ನು ಹುಡುಕಿ ಹುಡುಕಿ ತೆಗೆದು, ಆ ಜಾಗದಲ್ಲಿ ಎರಡು ಪ್ರಶ್ನೆ ಇಟ್ಟೆ. ಇನ್ನೊಂದು ಅಕ್ಷರ ಕೊಡಬಹುದೇ ಎನ್ನುವುದಕ್ಕೆ ‘ಆವು’. ತಂತಿ ಬಿಡಬಹುದೇ ಎನ್ನುವುದಕ್ಕೆ ‘ಆಂಡ್’. ಮೂರು ಚಿಪ್ಪಿನ ಫೈಲುಗಳೂ ಎರಡಕ್ಕೂ ಉತ್ತರ ಕೊಡಲೇಬೇಕು, ಒಂದಕ್ಕೆ ಕೊಡದಿದ್ದರೆ ಕರ್ನಲ್ ಜೋಡಣೆಯೇ ಆಗುವುದಿಲ್ಲ. ಹಳೆಯ ಎರಡು ಚಿಪ್ಪುಗಳಲ್ಲಿ ಎರಡಕ್ಕೂ ಒಂದೇ ಉತ್ತರ. ಎರಡು ಸಾಲು ಬರೆದರೆ ಮುಗಿಯಿತು. ಹೊಸದು ಮನೆ ಖಾಲಿಯಾದಾಗ ತಾನಾಗಿ ಕೂಗಿ ಹೇಳುವುದಿಲ್ಲ, ನಾವೇ ಹೋಗಿ ನೋಡಬೇಕು. ಹಾಗಾಗಿ ಕಡೆಯ ಅಕ್ಷರ ಕೊಟ್ಟ ಮೇಲೆ ಒಮ್ಮೆ ಇಣುಕಿ ನೋಡಿ, ಖಾಲಿಯಾಗದಿದ್ದರೆ ಗಡಿಯಾರದ ಒಂದು ಮಿಡಿತ ಕಾದು ಪುನಃ ಇಣುಕುವಂತೆ ಮಾಡಿದೆ. ಎಲ್ಲ ಸೇರಿ ನಲವತ್ತು ಸಾಲೂ ಇಲ್ಲ. ಬರೆಯಲು ನಾಲ್ಕು ದಿನ, ನಾಲ್ಕರಲ್ಲಿ ಮೂರು ದಿನ ಚಿಂತೆಗೆ.

ಮರುವರ್ಷ ನಾಲ್ಕನೆಯ ಚಿಪ್ ಬಂದಾಗ ಅದರ ಫೈಲು ಒಂದೂವರೆ ಪುಟವಾಯಿತು, ಬರೆದದ್ದು ಒಂದು ಬೆಳಿಗ್ಗೆ. ಆವು, ಆಂಡ್ ಎಂಬ ಎರಡು ಖಾಲಿ ಜಾಗಗಳು ಅಲ್ಲಿ ಕಾದಿದ್ದವು. ಅವುಗಳನ್ನು ತುಂಬಲು ಪುಸ್ತಿಕೆಯ ಯಾವ ಪುಟ ನೋಡಬೇಕೆಂದು ನನಗೆ ಗೊತ್ತಿತ್ತು. ಆಕೆಯ ಆ ಎರಡು ಪದಗಳ ಉಪಕಾರ ಎಷ್ಟು ದೊಡ್ಡದೆಂದು ನನಗೆ ತಿಳಿದದ್ದು ಆ ಬೆಳಿಗ್ಗೆ. ಆದರೆ ಅದು ಆಮೇಲಿನ ಮಾತು.

ತಿಂಗಳ ಕೊನೆಗೆ ಮೂರು ದಿನವಿರುವಾಗ ಮಧ್ಯಾಹ್ನ ಮ್ಯಾನೇಜರರನ್ನು ಪ್ರಿಂಟರಿನ ಮುಂದೆ ನಿಲ್ಲಿಸಿದೆ. ಸುಳ್ಯದಲ್ಲಿ ಎಲ್ಲವನ್ನೂ ನಿಲ್ಲಿಸಿ, ಮೊದಲು ಹಳೆಯ ಕರ್ನಲಿನಲ್ಲಿ ಆಕೆ ನೂರಿಪ್ಪತ್ತನ್ನು ಹತ್ತು ಸಲ ಕಳಿಸಿದರು. ಕಾಗದದ ಮೇಲೆ ಹನ್ನೆರಡು ಬಂತು, ಹನ್ನೆರಡು, ಹನ್ನೆರಡು, ನಡುವೆ ಹೇಗೋ ಒಂದು ನೂರಿಪ್ಪತ್ತು, ಪುನಃ ಹನ್ನೆರಡು. ಮ್ಯಾನೇಜರರು ಕಾಗದವನ್ನು ಹಿಡಿದೆಳೆದು ಹತ್ತಿರದಿಂದ ನೋಡಿದರು. ಆಮೇಲೆ ಆಕೆ, ಈ ಸಲ ಬುತ್ತಿ ಡಬ್ಬಿಯಲ್ಲಿ ಬಾರದೆ ಲಾರಿಯಲ್ಲಿ ಬಂದ ಫ್ಲಾಪಿಯಿಂದ ಹೊಸ ಕರ್ನಲನ್ನು ಎಬ್ಬಿಸಿ ಹತ್ತು ಸಲ ಕಳಿಸಿದರು. ಹತ್ತು ನೂರಿಪ್ಪತ್ತು.

ಸ್ವಿಚ್ಚನ್ನು ಮಾತಿನ ಬದಿಗೆ ತಂದೆ. ನನ್ನ ಕಿಸೆಯಲ್ಲಿ ಎರಡು ಕಾಗದ ತಯಾರಿತ್ತು: ದೋಷ ಯಂತ್ರದ್ದು, ಅಂದರೆ ನನ್ನದು ಎಂದು ನಾನು ಸಹಿ ಮಾಡಿದ್ದೊಂದು, ಮೆಮೋ ಹಿಂತೆಗೆದುಕೊಂಡು ಆಕೆಯನ್ನು ಖಾಯಂ ಮಾಡುವ, ಮ್ಯಾನೇಜರರ ಸಹಿಗೆ ಜಾಗ ಬಿಟ್ಟದ್ದು ಇನ್ನೊಂದು. ಎರಡನ್ನೂ ಮೇಜಿನ ಮೇಲೆ ಇಟ್ಟೆ. ಅವರು ಓದಿದರು, ಕನ್ನಡಕ ತೆಗೆದರು, ಒರಸಿದರು.

“ಆಯ್ತು ಮಾರಾಯ್ರೆ,” ಎಂದರು.

“ನಿಮ್ಮನ್ನು ಖಾಯಂ ಮಾಡ್ಲಿಕ್ಕೆ ಮ್ಯಾನೇಜರ್ ಆಯ್ತು ಅಂತ ಹೇಳಿದ್ರು,” ಎಂದೆ ನಾನು ಫೋನಿನಲ್ಲಿ. ಈ ಸಲ ಸ್ವಿಚ್ಚಿನಿಂದ ಕೈ ದೂರ ಇಟ್ಟು, ಆಕೆಯ ಕಡೆಯ ಮಾತಿಗೆ ಕಾದೆ.

ಸುಳ್ಯದಿಂದ ಅದು ಬಂತು, ಆದೇಶಕ್ಕೆ ವಿರುದ್ಧವಾಗಿ, ತುಳುವಿನಲ್ಲಿ:

“ಆವಾ ಸರ್, ಆಂಡಾ?”

ರಿಸೀವರಿನ ಸ್ವರ ಮೇಜಿನ ಆಚೆಗೂ ಕೇಳುತ್ತಿತ್ತು. ಮ್ಯಾನೇಜರರು ನನ್ನನ್ನು ನೋಡಿದರು, ಕಾಗದವನ್ನು ನೋಡಿದರು. ಕಿಸೆಯಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಸಹಿ ಮಾಡಿ, ಕೆಳಗೆ ತಾರೀಕು ಹಾಕಿದರು. ಶಾಯಿ ಒಣಗುವವರೆಗೆ ನಾನು ಕಾದೆ.

“ಆಂಡ್,” ಎಂದೆ.